ಗುಳಿಗೆ ಪಟ್ಟಿಯ ಮೇಲಿನ ಒಂದು ಗೀಟು

ವೈನಿ, ದೊಡ್ಡವ್ವನಿಗೆ ಗುಳಿಗೆ ಕೊಡುವುದನ್ನು ನೀವು ಮರೆತಿರಲಿಲ್ಲ. ಆಕೆಯ ಬಿ.ಪಿ. ಗುಳಿಗೆ ಬಿಡಿಸಿದವನು ನಾನು. ಬಿಡಿಸಿ, ಆಸ್ಪತ್ರೆಯಲ್ಲಿ ಎಲ್ಲರ ಮುಂದೆ ತಪ್ಪನ್ನು ನಿಮ್ಮ ತಲೆಗೆ ಕಟ್ಟಿದವನೂ ನಾನೇ. ಆರು ವರ್ಷ ಇದನ್ನು ನುಂಗಿಕೊಂಡು ಬಂದೆ. ಇನ್ನು ಆಗುವುದಿಲ್ಲ — ದಣಿದಿದ್ದೇನೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಅಪ್ಪ ಸಹಿ ಮಾಡಲು ಕಲಿತದ್ದೇ ನನ್ನ ಕಾಲೇಜಿನ ಫಾರಂ ಸಲುವಾಗಿ. ಯಾದಗಿರಿಯಲ್ಲಿ ಪಿಯುಸಿ ಓದುವಾಗ ದೊಡ್ಡವ್ವ ಬುತ್ತಿ ಕಟ್ಟಿ ಮೊದಲ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾದು ನಿಂತು ಇಸಿದುಕೊಳ್ಳುತ್ತಿದ್ದೆ. ಆ ರೊಟ್ಟಿ ತಿಂದೇ ಓದಿದೆ, ಮುಂದೆ ಬಿ.ಫಾರ್ಮಾ ಮಾಡಿದೆ, ಶಹಾಪುರದಲ್ಲಿ ಮೆಡಿಕಲ್ ಅಂಗಡಿ ತೆರೆದೆ. ಊರವರು ‘ಡಾಕ್ಟರಪ್ಪ’ ಅಂದರು. ನಾನು ಡಾಕ್ಟರ್ ಅಲ್ಲ, ಅವರು ಬರೆದ ಗುಳಿಗೆ ಎತ್ತಿ ಕೊಡುವವನು ಅಂತ ಒಂದು ಸಲವೂ ತಿದ್ದಲಿಲ್ಲ. ಕಿವಿಗೆ ಹಿತವಾಗಿತ್ತು — ಅಷ್ಟೆ.

ಆ ವರ್ಷ ನಾಟಿ ಮುಗಿದ ಮೇಲೆ ದೊಡ್ಡವ್ವ ಒಬ್ಬಳೇ ಅಂಗಡಿಗೆ ಬಂದಳು. ಸುರಪುರದ ಡಾಕ್ಟರು ಬಿ.ಪಿ.ಗೆ ಬರೆದುಕೊಟ್ಟ ಗುಳಿಗೆಯ ಖಾಲಿ ಪಟ್ಟಿಯನ್ನು ಕೌಂಟರ್ ಮೇಲೆ ಇಟ್ಟು, ಕಾಲು ಎತ್ತಿ ತೋರಿಸಿದಳು.

“ಇದನ್ನ ನುಂಗಾಕತ್ತಿದ ಮ್ಯಾಲ ಎಮ್ಮಿ ಕಾಲು ಆಗ್ಯಾವ ನೋಡೋ. ಚಪ್ಪಲಿ ಹೋಗವಲ್ವು. ಬಿಡ್ಲೇನು?”

ಆ ಗುಳಿಗೆಗೆ ಕೆಲವರಿಗೆ ಕಾಲು ಊದುತ್ತದೆ. ಡಾಕ್ಟರಿಗೆ ಹೇಳಿದರೆ ಬೇರೆಯದು ಬರೆದುಕೊಡುತ್ತಾರೆ. ನನಗೆ ಗೊತ್ತಿತ್ತು. ‘ಸುರಪುರಕ್ಕೆ ಹೋಗಿ ಬಾ’ ಎಂಬ ಒಂದು ಮಾತು ಸಾಕಿತ್ತು. ಆದರೆ ಅದೇ ವಾರ ಮೊಬೈಲಿನಲ್ಲಿ ಏನೋ ಓದಿದ್ದೆ — ಸಕ್ಕರೆ ಕಾಯಿಲೆಗೆ ಕೊಡುವ ಒಂದು ಹಳೆಯ ಗುಳಿಗೆ ರಕ್ತನಾಳಗಳಿಗೆ ಬೇಗ ಮುಪ್ಪು ಬರದಂತೆ ತಡೆಯಬಹುದು ಅಂತ. ‘ಬಹುದು’ ಅಂತಲೇ ಇತ್ತು. ಇನ್ನೂ ಪರೀಕ್ಷೆಯ ಹಂತದಲ್ಲಿದೆ ಅಂತಲೂ ಇತ್ತು. ನಾನು ನನಗೆ ಬೇಕಾದಷ್ಟನ್ನು ಮಾತ್ರ ಓದಿಕೊಂಡಿದ್ದೆ. ಅಂಗಡಿ ತುಂಬ ಗಿರಾಕಿಗಳಿದ್ದರು. ಅವರೆಲ್ಲ ಕೇಳಲಿ ಅಂತ —

“ದೊಡ್ಡವ್ವ, ರಕ್ತನಾಳಕ್ಕ ಮುಪ್ಪು ಬಂದು ಬಿರುಸಾದ್ರನ ಬಿ.ಪಿ. ಏರೋದು. ಅವನ್ನ ಹರೇದಾಗ ಇಟ್ರ ಬಿ.ಪಿ. ಗುಳಿಗಿನೇ ಬ್ಯಾಡ. ಅದು ಬಿಡು, ಇದು ತಗೋ.”

“ಒಳಗಿನ ನಾಳ ಹರೇದ್ದಾಗಿ ಮಾರಿ ಮುದುಕಿದೇ ಉಳಿದ್ರ ಮಂದಿ ಏನಂದಾರೋ?” ಅಂದಳು. ಎಲ್ಲರೂ ನಕ್ಕರು. ಹೋಗುವಾಗ ಅವರಿಗೇ ಹೇಳಿದಳು: “ನಮ್ಮ ಡಾಕ್ಟರಪ್ಪ ಇರೋತನಕ ನನಗೇನಾಗ್ತದ?”

ಆಕೆಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ ವೈನಿ. ಇದ್ದದ್ದು ಬಿ.ಪಿ. ಒಂದೇ. ಅದರ ಗುಳಿಗೆಯನ್ನೇ ನಾನು ಕಸಿದುಕೊಂಡೆ.

ಓದಲು ಬಾರದವರಿಗೆ ಪಟ್ಟಿಯ ಬೆನ್ನಿಗೆ ಗೀಟು ಎಳೆದು ಕೊಡುವುದು ನಮ್ಮ ರೂಢಿ. ಒಂದು ಗೀಟು ಮುಂಜಾನೆ, ಎರಡು ಗೀಟು ರಾತ್ರಿ. ಹೊಸ ಪಟ್ಟಿಗಳಿಗೆಲ್ಲ ನೀಲಿ ಪೆನ್ನಿನಿಂದ ಒಂದೊಂದು ಗೀಟು ಎಳೆದೆ. ಎರಡು ದಿನದ ಮೇಲೆ ನೀವು ಫೋನ್ ಮಾಡಿದಿರಿ: “ತಮ್ಮಾ, ಈ ಸಲದ ಗುಳಿಗಿ ದೊಡ್ಡದದಲ್ಲ? ಅತ್ತಿನ್ನ ಕೇಳಿದ್ರ ‘ಡಾಕ್ಟರಪ್ಪ ಕೊಟ್ಟಾನ’ ಅಷ್ಟ ಅಂತಾರ.” ಡಾಕ್ಟರನ್ನು ಕೇಳದೆ ಬದಲಿಸಿದೆ ಅಂತ ನಿಮಗೆ ಹೇಳಲು ಯಾಕೋ ಬಾಯಿ ಬರಲಿಲ್ಲ. “ಕಂಪನಿ ಬ್ಯಾರೆ ವೈನಿ, ಗುಳಿಗಿ ಅದೇ” ಅಂದುಬಿಟ್ಟೆ. ಸಣ್ಣ ಸುಳ್ಳು ಅಂದುಕೊಂಡೆ.

ನಾಲ್ಕು ತಿಂಗಳು ಕಳೆದವು. ಒಂದು ಮುಂಜಾನೆ ದೊಡ್ಡವ್ವ ರೊಟ್ಟಿ ಬಡಿಯುತ್ತ ಇದ್ದವಳು ವಾಲಿದಳು. ಬಲಗೈ ಹಿಟ್ಟಿನಲ್ಲೇ ಉಳಿಯಿತಂತೆ. ಕಲಬುರಗಿಯ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮಾತೂ ಹೋಗಿತ್ತು. ಬಿ.ಪಿ. ಇಷ್ಟು ಏರಿದೆ, ಗುಳಿಗೆ ತೆಗೆದುಕೊಂಡಂತೆ ಕಾಣುವುದಿಲ್ಲವಲ್ಲ ಅಂತ ಅಲ್ಲಿನ ಡಾಕ್ಟರು ಕೇಳಿದರು. ನೀವು ಗುಳಿಗೆಯ ಚೀಲ ಹಿಡಿದು ಮುಂದೆ ಬಂದಿರಿ. “ದಿನಾ ಕೊಟ್ಟೀನ್ರಿ, ನೋಡ್ರಿ ಬೇಕಾದ್ರ.” ಖಾಲಿ ಪಟ್ಟಿಗಳನ್ನೂ ಎಸೆಯದೆ ರಬ್ಬರ್ ಹಾಕಿ ಇಟ್ಟಿದ್ದಿರಿ. ‘ನಾ ತೋರಸ್ತೀನಿ ತರ್ರಿ’ ಅಂತ ಚೀಲ ಇಸಿದುಕೊಂಡೆ. ಅರ್ಧ ಮುಗಿದ ಪಟ್ಟಿಯನ್ನೂ ಆ ಕಟ್ಟಿಗೆ ಸೇರಿಸಿ ಕಿಸೆಗೆ ಇಳಿಸಿದೆ. ಆಮೇಲೆ ಡಾಕ್ಟರಿಗೆ ಹೇಳಿದೆ —

“ಮನ್ಯಾಗ ಕೊಡೋದು ಮರ್ತಾರ ಕಾಣ್ತದ್ರಿ ಸರ್.”

ಅಣ್ಣ ತಿರುಗಿ ತನ್ನ ಹೆಂಡತಿಯನ್ನು, ನಿಮ್ಮನ್ನು, ನೋಡಿದ. ಆ ಕಟ್ಟು ಎಲ್ಲಿ ಅಂತ ನೀವು ಕೇಳಿದಾಗ, ಗಡಿಬಿಡಿಯಲ್ಲಿ ಎಲ್ಲೋ ಬಿತ್ತು ಅಂದೆ. ದೊಡ್ಡವ್ವ ಮಂಚದಿಂದ ನನ್ನನ್ನು ನೋಡಿದಳು. ಆಕೆಗೆ ಗೊತ್ತಿತ್ತು, ನಾಲಿಗೆ ಇರಲಿಲ್ಲ. ಎಡಗೈ ಎತ್ತಿ ಏನೋ ಹೇಳಲು ನೋಡಿದಳು. ನೀರು ಕೇಳುತ್ತಿದ್ದಾಳೆ ಅಂತ ಯಾರೋ ನೀರು ಕೊಟ್ಟರು. ಆಮೇಲೆ ಎರಡು ವರ್ಷ ಆಕೆಯ ಹೇಲು ಉಚ್ಚೆ ಬಳಿದವರು ನೀವು. ಹಬ್ಬಕ್ಕೊಮ್ಮೆ ಹಣ್ಣು ಹಿಡಿದು ಬಂದು ಹೊಸ್ತಿಲಲ್ಲಿ ನಿಲ್ಲುತ್ತಿದ್ದವನು ನಾನು. ಆಕೆ ತೀರಿಕೊಂಡ ದಿನವೂ ಅಣ್ಣ ಮಂದಿಯ ಎದುರು ನಿಮಗೆ ಅಂದ, “ಒಂದು ಗುಳಿಗಿ ನೆನಪಿಟ್ಟು ಕೊಡಾಕ ಆಗ್ಲಿಲ್ಲಲ್ಲ ನಿನಗ.” ನಾನು ಅಲ್ಲೇ ಇದ್ದೆ.

ಹೋದ ತಿಂಗಳು ನೀವು ಅಂಗಡಿಗೆ ಬಂದಿರಿ. ನಿಮಗೂ ಬಿ.ಪಿ. ಅಂತ ಸುರಪುರದ ಡಾಕ್ಟರು ಬರೆದುಕೊಟ್ಟಿದ್ದರು. ನಾನು ಪಟ್ಟಿ ತೆಗೆದು ಪೆನ್ನು ಹಿಡಿದಾಗ ಅಂದಿರಿ: “ಗೀಟು ದಪ್ಪಗ ಎಳಿ ತಮ್ಮಾ. ಓದಾಕ ಬಂದ್ರೇನು, ಮೊದ್ಲೇ ಮರವಿನಾಕಿ ನಾ. ದಿನಾ ಕೊಟ್ಟೀನಿ ಅಂತ ಅವತ್ತು ಎಷ್ಟು ವಾದ ಮಾಡಿದ್ದೆ, ಖರೇ ಮರ್ತಿದ್ನೇನೋ. ನನಗ ನನ್ನ ಮ್ಯಾಲ ನಂಬಿಕಿ ಇಲ್ಲ ಈಗ.”

ನೀವು ಹೇಳಿದಂತೆ ದಪ್ಪಗೆ ಗೀಟು ಎಳೆದು ಕೊಟ್ಟೆ. ನನ್ನ ಸುಳ್ಳನ್ನು ಊರು ನಂಬಿದ್ದು ಗೊತ್ತಿತ್ತು. ನೀವೂ ನಂಬಿದ್ದೀರಿ ಅಂತ ಅವತ್ತೇ ಗೊತ್ತಾದದ್ದು. ದೊಡ್ಡವ್ವನ ನಾಲಿಗೆ ಕಾಯಿಲೆಗೆ ಹೋಯಿತು. ನಿಮ್ಮ ನೆನಪನ್ನು ನಾನು ಕೈಯಾರೆ ಕಿತ್ತುಕೊಂಡೆ.

ಓದು ಕಡಿಮೆ ಇತ್ತು, ವಯಸ್ಸು ಸಣ್ಣದಿತ್ತು ಅಂತ ಹೇಳಲಾರೆ. ಓದಿದ್ದೆ. ಅದೇ ಹಮ್ಮು. ಕ್ಷಮಿಸಿ ಅಂತ ಕೇಳುವುದಿಲ್ಲ. ಅದನ್ನೂ ನಿಮ್ಮ ತಲೆಗೆ ಹೊರಿಸಿದಂತಾಗುತ್ತದೆ. ಐತವಾರ ಬರುತ್ತೇನೆ. ಅಣ್ಣನ ಮುಂದೆ, ಅವತ್ತು ನಿಮ್ಮನ್ನು ಅಂದದ್ದನ್ನು ಕೇಳಿದ ಮಂದಿಯ ಮುಂದೆ, ಕಟ್ಟೆಯ ಮೇಲೆ ನಿಂತು ಇದನ್ನೇ ಬಾಯಿಂದ ಹೇಳುತ್ತೇನೆ. ನಿಮ್ಮ ಗುಳಿಗೆ ಬಿಡಬೇಡಿ. ಕಾಲು ಊದಿದರೆ ಸುರಪುರಕ್ಕೆ ಹೋಗಿ, ನನ್ನನ್ನು ಕೇಳಬೇಡಿ.

ಆ ಕಟ್ಟನ್ನು ಎಸೆಯಲು ನನ್ನಿಂದ ಆಗಿರಲಿಲ್ಲ. ಈ ಕಾಗದದ ಜೊತೆ ಇಟ್ಟಿದ್ದೇನೆ. ಪ್ರತಿ ಪಟ್ಟಿಯ ಬೆನ್ನಿಗೂ ನೀಲಿ ಗೀಟು ಇದೆ, ಅದು ನನ್ನ ಕೈಯದು. ಈಗ ಪಟ್ಟಿ ತಿರುಗಿಸಿ ನೋಡಿ ವೈನಿ. ದೊಡ್ಡವ್ವ ಅಂಗಡಿಗೆ ಬಂದ ಮರುದಿನದಿಂದ ಬಿದ್ದ ದಿನದವರೆಗೆ ಎಣಿಸಿದ್ದೇನೆ, ಎಷ್ಟೋ ಸಲ ಎಣಿಸಿದ್ದೇನೆ. ಎಷ್ಟು ದಿನವೋ ಅಷ್ಟು ಗುಳಿಗೆಯ ಗೂಡು ಒಡೆದು ಖಾಲಿಯಾಗಿವೆ. ಒಂದು ಮುಂಜಾನೆಯೂ ನೀವು ತಪ್ಪಿಸಿಲ್ಲ.