ಮೂರನೇ ಭಾಷೆಯ ಫಾರ್ಮು

ಕೊಲ್ಲಿ ದೇಶದ ಮಾಹೂಝಿನಲ್ಲಿ ನಮ್ಮ ಕಟ್ಟಡದ ಕೆಳಗೆ ಹಾಲು, ಬ್ರೆಡ್ಡು ಮಾರುವ ಕೋಲ್ಡ್ ಸ್ಟೋರ್ ಇಟ್ಟಿದ್ದ ಸಾಹೇಬರು ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಕಾರಿನ ಕೀ ಬೆರಳಲ್ಲಿ ತಿರುಗುತ್ತಲೇ ಇರುತ್ತಿತ್ತು. ನಮ್ಮ ಮಕ್ಕಳ ಶಾಲೆಯ ಸಮಿತಿಯನ್ನು ಪೋಷಕರೇ ಓಟು ಹಾಕಿ ಆರಿಸಬೇಕು. ಆ ಚುನಾವಣೆ ಬಂತೆಂದರೆ ಹಾಲಿನ ಪ್ಯಾಕೆಟ್ ಕೊಡುವ ಮೊದಲೇ ಶುರುಮಾಡುವರು: "ಒಂದು ಮಾತು ಹೇಳ್ಲಿಕ್ಕುಂಟು. ಶಾಲೆಯಿಂದ ಕನ್ನಡ ತೆಗೀತೇವೆ ಅನ್ನುವವರಿಗೆ ಓಟು ಹಾಕ್ಬೇಡಿ."

"ನಿಮ್ಮ ಮನೆಮಾತು ಬ್ಯಾರಿ ಅಲ್ವಾ?" ಎಂದೆ ಒಮ್ಮೆ.

"ಅಕ್ಷರ ಕಲ್ತದ್ದು ಕನ್ನಡದಲ್ಲಿ ಮಾರಾಯ್ರೆ!" ಕೀ ಇನ್ನೂ ಜೋರಾಗಿ ತಿರುಗಿತು.

ಕಳೆದ ಚುನಾವಣೆಯ ಮುಂಚಿನ ಪೋಷಕರ ಸಭೆಯಲ್ಲಿ, ಕಲಿಯುವ ಮಕ್ಕಳೇ ಕಡಿಮೆಯೆಂದು ಆರನೇ ತರಗತಿಯ ಕನ್ನಡ ನಿಲ್ಲಿಸುವ ಮಾತು ಬಂತು. ಸಾಹೇಬರು ಎದ್ದರು.

"ಒಂದು ಮಾತು ಹೇಳ್ಲಿಕ್ಕುಂಟು. ಕನ್ನಡ ಬೇಡ ಅಂತ ಬರ್ದುಕೊಟ್ಟ ತಂದೆ ಯಾರು? ತೋರ್ಸಿ, ನೋಡುವ!"

ಸಮಿತಿಯ ಮೇಡಂ ಫೈಲು ತಿರುವಿ, ಮೂರನೇ ಭಾಷೆ ಆರಿಸುವ ಒಂದು ಫಾರ್ಮು ತಂದು ಅವರ ಕೈಗೇ ಕೊಟ್ಟರು. ಅದು ಅವರ ಮಗಳದ್ದು. ಫ್ರೆಂಚಿಗೆ ಟಿಕ್ ಬಿದ್ದಿತ್ತು.

ಕೀ ನಿಂತಿತು. "ಮಗಳೇ ತುಂಬ್ಸಿದ್ದು. ಪೂರಾ ಇಂಗ್ಲಿಷ್. ನಾನು ಓದ್ಲಿಲ್ಲ..." ಎಂದರು ಮೆಲ್ಲಗೆ.

ಪಕ್ಕದಲ್ಲಿದ್ದ ನನಗೂ ಕಂಡಿತು. ತಂದೆಯ ಸಹಿಯ ಜಾಗದಲ್ಲಿ, ದುಂಡಗಿನ ಕನ್ನಡ ಅಕ್ಷರಗಳಲ್ಲಿ ಅವರ ಪೂರ್ತಿ ಹೆಸರಿತ್ತು.