ತುಟಿಯ ಹುಣ್ಣು ಆರುವವರೆಗೆ

ನನ್ನ ಮಗಳು ಹುಟ್ಟಿದ್ದು ಹೊಸದುರ್ಗದಲ್ಲಿ, ಎಪ್ಪತ್ತರ ದಶಕದ ನಡುವಿನಲ್ಲಿ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಗಂಡನಿಗೆ ಹಿರಿಯೂರಿನಲ್ಲಿ ಕೆಲಸ, ಭಾನುವಾರ ಬಂದು ಹೋಗುತ್ತಿದ್ದರು. ಅತ್ತೆ ನಮಗಿಬ್ಬರಿಗೂ ನೀರು ಹಾಕಿ ತೋಟಕ್ಕೆ ಹೊರಟರೆ, ಸಂಜೆಯವರೆಗೆ ಆ ಕತ್ತಲೆ ಕೋಣೆಯಲ್ಲಿ ನಾನು ಮತ್ತು ಮಗು.

ಒಮ್ಮೆ ಜ್ವರ ಬಂದು ಬಿಟ್ಟಿತು. ಮರುದಿನ ತುಟಿ ಚುರುಗುಟ್ಟಿ ಅಂಚಿನಲ್ಲಿ ನೀರುಗುಳ್ಳೆಗಳೆದ್ದವು. ಚಿಕ್ಕಂದಿನಿಂದಲೂ ಜ್ವರದ ಹಿಂದೆಯೇ ಅವು ಬರುತ್ತಿದ್ದವು. ಬೆಣ್ಣೆ ಸವರಿ ಸುಮ್ಮನಾದೆ.

ಮಗುವಿನ ಹೊಕ್ಕುಳು ತೋರಿಸಲು ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ಮೊದಲು ನೋಡಿದ್ದು ನನ್ನ ಬಾಯನ್ನು. ಮುತ್ತು ಕೊಟ್ಟಿದ್ದೀರಾ ಎಂದು ಕೇಳಿದರು. ಗುಳ್ಳೆ ಎದ್ದ ಮೇಲೆ ಇಲ್ಲ ಎಂದೆ. ದೊಡ್ಡವರಿಗೆ ಇದು ಏನೂ ಅಲ್ಲ, ಹಸುಗೂಸಿಗೆ ಅಂಟಿದರೆ ಮಿದುಳಿಗೇ ಏರಬಹುದು ಎಂದರು. ಲೋಟ, ಟವೆಲು ಬೇರೆ ಇಟ್ಟುಕೊಳ್ಳಬೇಕು, ಗುಳ್ಳೆ ಮುಟ್ಟಬಾರದು, ಮಗುವನ್ನು ಎತ್ತುವ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು, ಬಾಯಿಗೆ ಬಟ್ಟೆ ಕಟ್ಟಬೇಕು.

"ಹಾಲು ಧಾರಾಳವಾಗಿ ಕುಡಿಸಿ, ಎದೆ ಮೇಲೆ ಗುಳ್ಳೆ ಇಲ್ಲವಲ್ಲ. ಆದರೆ ಹಕ್ಕಳೆ ಉದುರಿ ಚರ್ಮ ಕೂಡುವವರೆಗೆ ಮುಖದ ಹತ್ತಿರ ಮುಖ ತರಬೇಡಿ. ಮಗು ಹಾಲು ಬಿಟ್ಟರೆ, ಮಂಕಾದರೆ, ಮೈ ಬಿಸಿಯಾದರೆ ಕೂಡಲೇ ಬನ್ನಿ."

ಹೆತ್ತವಳ ಮುತ್ತಿನಿಂದ ಏನಾಗುತ್ತದೆ ಎಂದು ಅತ್ತೆ ಗೊಣಗಿದರು. ಆದರೂ ಕೋಣೆಯ ಬಾಗಿಲಲ್ಲಿ ಒಂದು ಬಕೆಟ್ ನೀರು, ಹೊಸ ಸೋಪು ಇಟ್ಟರು. ರಾತ್ರಿ ಮಗುವನ್ನು ತಮ್ಮ ಮಗ್ಗುಲಲ್ಲೇ ಮಲಗಿಸಿಕೊಂಡರು. ಹಾಲಿಗೆ ಅತ್ತಾಗ ನನ್ನ ಕೈಗೆ ಬರುತ್ತಿತ್ತು, ಕುಡಿದಾದ ಮೇಲೆ ಹೋಗುತ್ತಿತ್ತು. ಹಾಲು ಕುಡಿಯುತ್ತ ಅದು ಕಣ್ಣು ಬಿಟ್ಟರೆ ಕಾಣುತ್ತಿದ್ದುದು ನನ್ನ ಅರ್ಧ ಮುಖ. ಅದರ ನೆತ್ತಿಯ ವಾಸನೆ ಅಲ್ಲೇ ಇತ್ತು. ಬಗ್ಗುವಂತಿರಲಿಲ್ಲ.

ಆ ವಾರವೇ ಐಮಂಗಲದಿಂದ ಅತ್ತೆಯ ತಂಗಿ ಬಂದರು. ನನಗೆ ಚಿಕ್ಕತ್ತೆ. ಮಕ್ಕಳಿಲ್ಲ, ಗಂಡ ತೀರಿಹೋಗಿದ್ದರು. ಅತ್ತೆ ಒಲೆಯ ಮುಂದಿದ್ದಾಗ ಅವರು ಒಬ್ಬರೇ ಕೋಣೆಗೆ ಬಂದು, ನನ್ನ ಮಡಿಲಲ್ಲಿದ್ದ ಮಗುವಿನ ಕೆನ್ನೆಗೆ ಬಗ್ಗಿದರು. ಅವರ ಬಾಯಿಯ ತುದಿಯಲ್ಲೂ ನನ್ನಂಥದೇ ಗುಳ್ಳೆಯ ಗೊಂಚಲು ಕಂಡಿತು. ನಡುವೆ ಕೈ ಅಡ್ಡ ಹಿಡಿದೆ.

ಅವರು ನೆಟ್ಟಗಾಗಿ ಮೆಲ್ಲಗೆ ಕೇಳಿದರು: "ಬಂಜೆ ಮುಟ್ಬಾರ್ದು ಅಂತೇನವ್ವ?"

ನಾನು ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತುಟಿ ತೋರಿಸಿದೆ.

"ನಂಗೂ ಐತೆ ಚಿಕ್ಕತ್ತೆ, ಈ ಗುಳ್ಳೆ ಕೂಸಿಗೆ ಅಂಟ್ತೈತಂತೆ. ನಾನೂ ಮುತ್ತು ಕೊಟ್ಟಿಲ್ಲ. ಕೈ ತೊಳ್ಕಂಡು ಬರ್ರಿ, ತೊಡೆ ಮ್ಯಾಲೆ ಮಲಗಿಸ್ಕಳ್ರಿ."

ಅವರು ಮೊಣಕೈವರೆಗೆ ಸೋಪು ಹಚ್ಚಿ ತೊಳೆದು ಬಂದರು. ನಾನು ಕೊಟ್ಟ ಬೇರೆ ಬಟ್ಟೆಯನ್ನು ಬಾಯಿಗೆ ಕಟ್ಟಿಕೊಂಡು ಗೋಡೆಗೊರಗಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಅದರ ಪಾದವನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ತಮ್ಮ ಮನೆ ಹೆದ್ದಾರಿ ಪಕ್ಕದಲ್ಲೇ ಇದೆ, ದಿನವಿಡೀ ಲಾರಿಗಳ ಸದ್ದು, ಒಳಗೆ ಮಾತ್ರ ದನಿಯಿಲ್ಲ ಎಂದರು. ಸಂಜೆಯ ಬಸ್ಸಿಗೆ ಹೊರಟಾಗ ಮಗುವನ್ನು ನನಗೊಪ್ಪಿಸಲು ಬಹಳ ಹೊತ್ತು ತೆಗೆದುಕೊಂಡರು.

ಮಗಳಿಗೆ ಏನೂ ಆಗಲಿಲ್ಲ. ನನ್ನ ಹಕ್ಕಳೆ ಉದುರಿತು. ಕೆಳಗಿನ ಎಳೆ ಚರ್ಮದ ಕೆಂಪು ಹೋಗುವವರೆಗೂ ಕಾದೆ. ಒಂದು ಮಧ್ಯಾಹ್ನ ಅತ್ತೆ ತೋಟದಲ್ಲಿದ್ದಾಗ ಮಗುವಿನ ಹಣೆಗೆ ಮುತ್ತು ಕೊಟ್ಟೆ. ಅದು ನಿದ್ದೆಯಲ್ಲಿತ್ತು, ಅದಕ್ಕೆ ತಿಳಿಯಲಿಲ್ಲ. ಯಾರಿಗಾದರೂ ಹೇಳಬೇಕೆನ್ನಿಸಿತು. ಮನೆಯಲ್ಲಿ ಯಾರೂ ಇರಲಿಲ್ಲ.