ನೀಲಪ್ಪ ತೋರಿಸಿದ ಜಾಗ

ರೈಲ್ವೆ ಸರ್ವೆಯ ಓವರ್‌ಸಿಯರ್ ಮಡಿವಾಳೆಪ್ಪ, ನೀಲಪ್ಪನ ಮನೆಯ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿದಾಗ ಸಾಲಹಳ್ಳಿಯ ಕೇರಿಯವರೆಲ್ಲ ಬಾಗಿಲಿಗೆ ಬಂದು ನಿಂತರು. ಅಲ್ಲಿಯವರೆಗೆ ಊರೊಳಗಿನವರು ಯಾರೂ ಆ ಕೇರಿಯಲ್ಲಿ ನೀರು ಸಹ ಕುಡಿದವರಲ್ಲ.

"ಇನ್ನೊಂದೀಟು ಪುಂಡಿಪಲ್ಯ ಹಾಕವಾ."

ನೀಲಪ್ಪನ ಹೆಂಡತಿ ಕೃಷ್ಣವ್ವ ಗಂಡನ ಮುಖ ನೋಡಿದಳು. "ಖಾರ ಆಗಿರಬೇಕ್ರಿ, ಸಾಹೇಬ್ರ."

"ನಮ್ಮ ಮನ್ಯಾಗಿನ ಖಾರಕ್ಕ ಇದು ಮೊಮ್ಮಗ ಆಗಬೇಕು."

ಅದು 1974. ರಾಮದುರ್ಗದ ಮೇಲೆ ಹಾಯ್ದು ಸವದತ್ತಿಯವರೆಗೆ ರೈಲು ಮಾರ್ಗ ವಿಸ್ತರಿಸಲು ಸರ್ವೆ ನಡೆದಿತ್ತು. ಬಾವುಟ ಕಟ್ಟಿದ ಕೋಲು ಹಿಡಿದು ನಿಲ್ಲುವ ಕೂಲಿಗೆ ನೀಲಪ್ಪ ಸೇರಿದ್ದ. ಮೊದಲ ಗೂಟಗಳು ಬಸಲಿಂಗಪ್ಪ ಗೌಡರ ಎರೆಹೊಲದ ನಡುವೆ ಸಾಗಿದ್ದವು. ಪಕ್ಕದಲ್ಲೇ ಕೇರಿಯ ಮಸಣ. ಅಲ್ಲಿ ಕಲ್ಲಿಲ್ಲ, ಗುರುತಿಲ್ಲ. ಯಾರನ್ನು ಎಲ್ಲಿ ಮಣ್ಣು ಮಾಡಿದ್ದಾರೆ ಎಂಬುದು ಕುಣಿ ತೋಡುವವನ ನೆನಪಿನಲ್ಲಷ್ಟೇ ಇತ್ತು. ಆ ಕೆಲಸ ನೀಲಪ್ಪನಿಗೆ ಅಪ್ಪನಿಂದ ಬಂದದ್ದು. ಕೇರಿಯಲ್ಲಿ ಯಾರು ತೀರಿಕೊಂಡರೂ ಜಾಗ ನೋಡಿ ಮೊದಲ ಗುದ್ದಲಿ ಅವನೇ ಹಾಕಬೇಕು. ಊರು ಅವನಿಗೆ ಕೊಟ್ಟ ಮರ್ಯಾದೆ ಏನೂ ಇರಲಿಲ್ಲ. ಕೇರಿ ಕೊಟ್ಟದ್ದು ಇದೊಂದು.

ಕೈ ತೊಳೆದು ಓವರ್‌ಸಿಯರ್ ಎದ್ದ. "ನಿಮ್ಮವರ ಕುಣಿ ಎಲ್ಲೆಲ್ಲಿ ಅದಾವ ತೋರಿಸು, ನೀಲಪ್ಪ. ಲೈನು ಸರಿಸೋ ಪಾಳಿ ಬಂದ್ರ ಅವನ್ನ ತಪ್ಪಿಸಬೇಕು."

ನೀಲಪ್ಪ ಒಂದೊಂದಾಗಿ ತೋರಿಸುತ್ತ ನಡೆದ. "ಇಲ್ಲಿ ನಮ್ಮವ್ವ ಕೆಂಪವ್ವ ಅದಾಳ್ರಿ" ಎಂದಾಗ ಓವರ್‌ಸಿಯರ್ ಚಪ್ಪಲಿ ಕಳಚಿ ನಿಂತ.

"ಈ ಜಾಗ ಯಾರ ಹೆಸರಿಲೆ ಐತಿ?"

"ಯಾರ ಹೆಸರಿಲೆ ಅಂದ್ರ? ಸತ್ತವರದ್ರಿ."

ಇಬ್ಬರೂ ನಕ್ಕರು.

ಕೇರಿಯ ಹಿರಿಯ ಭರಮಪ್ಪನಿಗೆ ಈ ಸಲಿಗೆ ಸರಿಬರಲಿಲ್ಲ. "ರೊಟ್ಟಿ ತಿಂದಾವೆಲ್ಲ ಮನಿಯಾವ ಆಗೂದಿಲ್ಲೋ ತಮ್ಮಾ. ಎಲ್ಲಾರೂ ಕೂಡಿ ರಾಮದುರ್ಗದ ಕಚೇರಿಗೆ ಹೋಗಿ ಮಸಣದ ಮಾತು ಹೇಳಿ ಬರೂನು."

"ಬ್ಯಾಡ ಕಾಕಾ. ಅವರು ಚಪ್ಪಲಿ ಕಳದು ನಿಂತಾರ. ನನ್ನ ಮ್ಯಾಲ ಬಿಡ್ರಿ."

ಕೇರಿ ಅವನ ಮೇಲೆ ಬಿಟ್ಟಿತು. ಯಾರೂ ರಾಮದುರ್ಗಕ್ಕೆ ಹೋಗಲಿಲ್ಲ.

ಯುಗಾದಿ ಮುಗಿದ ಮೇಲೆ ಹೊಸ ಗೂಟಗಳು ಬಂದವು. ಸಾಲು ಗೌಡರ ಹೊಲದ ಬದುವಿನಲ್ಲಿ ಬಾಗಿ ನೇರ ಮಸಣದೊಳಗೆ ಹೊಕ್ಕಿತು. ಓವರ್‌ಸಿಯರ್ ಕೋಲು ಕೊಟ್ಟು ಕೈತೋರಿಸಿದ ಕಡೆ ನೀಲಪ್ಪನ ತಾಯಿ ಮಲಗಿದ್ದಳು.

"ತಪ್ಪಿಸ್ತೇನಿ ಅಂದಿದ್ರಲ್ರಿ, ಸಾಹೇಬ್ರ."

"ಗೌಡರ ಹೊಲಾ ತಗೊಂಡ್ರ ಪರಿಹಾರ ಕೊಡಬೇಕಾಗತೈತಿ. ಇದಕ್ಕ ಮಾಲಕ್ರ ಇಲ್ಲ. ನೀನ ಹೇಳಿದ್ದಿ."

"ನಮ್ಮ ಮನ್ಯಾಗ ಉಂಡೀರಿ ನೀವು."

"ಅದಕ್ಕ ಅಲ್ಲೇನು ನಿನ್ನ ಕೂಲಿಗೆ ಇಟಗೊಂಡೇನಿ? ಹೋಗು, ನಿಂದರು."

ನೀಲಪ್ಪ ಕೋಲನ್ನು ನೆಲಕ್ಕಿಟ್ಟು ಮನೆಗೆ ಬಂದ. ಅವನ ಜಾಗದಲ್ಲಿ ಬೇರೊಬ್ಬ ನಿಂತ. ಅಂದು ಸಂಜೆ ನೆರೆಮನೆಯ ತಂಗೆವ್ವ ಅಂಗಳದಿಂದಲೇ ಕೂಗಿ ಹೇಳಿದಳು: "ರೊಟ್ಟಿನೂ ಕೊಟ್ಟಿ, ಹಿರ್ಯಾರ್ನೂ ಕೊಟ್ಟಿ. ಇನ್ನೇನ ಉಳದೈತೋ ಎಪ್ಪಾ ಕೊಡಾಕ?"

ರೈಲು ಬರಲಿಲ್ಲ. ಸರ್ವೆಯವರು ಡೇರೆ ಕಿತ್ತುಕೊಂಡು ಹೋದರು, ಗೂಟಗಳು ಒಲೆ ಸೇರಿದವು. ಆದರೆ ಕೇರಿಯಲ್ಲಿ ಸಾವಾದಾಗ ನೀಲಪ್ಪನನ್ನು ಕರೆಯುವುದು ನಿಂತಿತು.

1977ರಲ್ಲಿ ಭರಮಪ್ಪ ತೀರಿಕೊಂಡ. ನೀಲಪ್ಪ ಕರೆ ಕಾಯದೆ ಗುದ್ದಲಿ ಹೊತ್ತು ಹೋದ. ಭರಮಪ್ಪನ ಮಗ ಸತ್ಯಪ್ಪ ಆಗಲೇ ಅಗೆಯುತ್ತಿದ್ದ.

"ಅಲ್ಲಿ ಬ್ಯಾಡೋ ಸತ್ಯಾ. ಬಾಜೂಕ ಸರಿ, ನಾ ಜಾಗಾ ತೋರಿಸ್ತೇನಿ."

ಸತ್ಯಪ್ಪ ತಲೆ ಎತ್ತಲಿಲ್ಲ. "ನೀ ತೋರಿಸಿದ್ದ ಸಾಕಾಗೈತಿ, ಅಣ್ಣಾ."

ಎಲ್ಲರೂ ಮಣ್ಣು ಕೊಟ್ಟಾದ ಮೇಲೆ ನೀಲಪ್ಪ ಕೊನೆಯವನಾಗಿ ಒಂದು ಹಿಡಿ ಹಾಕಿ ಮನೆಗೆ ನಡೆದ. ಕೃಷ್ಣವ್ವ ನೀರು ಕೊಡುತ್ತ ಕೇಳಿದಳು: "ಕಾಕಾನ್ನ ಎಲ್ಲಿ ಇಟ್ರು?"

"ನಾ ನೋಡಲಿಲ್ಲ" ಎಂದ.